ಅಕ್ಕನನ್ನು ಎದುರಿಗೆ ಕೂರಿಸಿಕೊಂಡ ಕಲಾಯಿ ಸಾಬರು

ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಕಿಲುಬಿ ವಿಷವಾಗದಂತೆ ಒಳಗೆ ತವರ ಬಳಿಯುವ ಕಲಾಯಿ ಸಾಬರ ಉಗುರುಗಳ ಸುತ್ತ ಆ ತವರದ ಬಿಳಿ ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಕೆಂಡ ಊದುವ ತಿದಿ ಹೂಡಿದರೆಂದರೆ, ಪಾತ್ರೆ ತಂದ ಹೆಂಗಸರನ್ನು ಎದುರಿಗೇ ಕೂರಿಸಿಕೊಳ್ಳುವರು. "ಉಣ್ಣೋರು ನೀವು. ಕಣ್ಣಾರೆ ನೋಡ್ಕಳಿ" ಎನ್ನುವರು. ಮಧ್ಯೆ ಎದ್ದುಹೋದವರ ಪಾತ್ರೆ ಹಾಗೇ ಪಕ್ಕಕ್ಕೆ. ಮಹಾ ಹಟಮಾರಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮಕ್ಕನಿಗೆ ಕಾಯಿಲೆಯಾಯಿತು. ಕಿವಿಯಲ್ಲಿ ಯಾರೋ "ಊಟಕ್ಕೆ ವಿಷ ಹಾಕವ್ರೆ" ಅನ್ನುತ್ತಿದ್ದರಂತೆ. ತುಮಕೂರಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಅವಳು ನುಂಗಲಿಲ್ಲ. ನಾವು ಮಹಾ ಜಾಣರು, ಸಾರಿಗೆ ಬೆರೆಸಿದೆವು. ಪುಡಿ ಮಾಡಿದವಳು ನಾನೇ. ಒಂದೇ ತುತ್ತಿಗೆ ಅಕ್ಕ ತಟ್ಟೆ ತಳ್ಳಿದಳು. ಆಮೇಲೆ ಮೂರು ದಿನ ಅನ್ನ ಮುಟ್ಟಲಿಲ್ಲ. ಕೈಕಾಲು ಹಿಡಿದು ಬಾಯಿಗೆ ಗಂಜಿ ಹುಯ್ಯುವುದೆಂದು ಅಪ್ಪ ನಿಶ್ಚಯಿಸಿದರು.

ಅವತ್ತೇ ಸಾಬರು ಬಂದರು. ಅಕ್ಕ ಪಾತ್ರೆಗಳನ್ನೆಲ್ಲ ಬೀದಿಗೆಸೆದು, "ವಿಷ ಐತೆ ಸಾಬ್ರೇ" ಎಂದಳು. ನಾಚಿಕೆಯಿಂದ ಅವಳನ್ನು ಒಳಗೆಳೆಯಲು ಹೋದೆವು. ಸಾಬರು ತಡೆದರು.

"ನನ್ ಕಣ್ಗೆ ಕಾಣಿಸ್ತಿಲ್ಲ ಕಣಮ್ಮ. ಆದ್ರೆ ಭಯ ಆಗಿರೋದು ನಿಂಗೆ. ಯಾವ್ದಕ್ಕೆ ಕಲಾಯಿ ಹಾಕ್ಲಿ, ನೀನೇ ಹೇಳು."

ಅಕ್ಕ ಒಂದು ಹಿತ್ತಾಳೆ ತಪ್ಪಲೆ ತೋರಿಸಿ ಎದುರಿಗೆ ಕೂತಳು. ನಡುನಡುವೆ ಕಿವಿ ಮುಚ್ಚಿಕೊಳ್ಳುವಳು. ಆಗ ಸಾಬರು ತಿದಿ ನಿಲ್ಲಿಸಿ, "ಏನಂತವ್ರಮ್ಮ ಈಗ?" ಎಂದು ಕೇಳುವರು, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೇ ಕೆಲಸ ಹಿಡಿಯುವರು. ಆ ತಪ್ಪಲೆಯಲ್ಲಿ ಅಕ್ಕ ತಾನೇ ಅನ್ನ ಮಾಡಿಕೊಂಡು ಉಂಡಳು. ನಮಗೆ ಹೋದ ಜೀವ ಬಂದಂತಾಯಿತು.

ಸಾಬರು ಹೊರಡುವಾಗ ಪುಡಿಯ ಸಂಗತಿ ಬಾಯಿಬಿಟ್ಟೆ. ಅವರಿಗೆ ಸಿಟ್ಟು ಬಂತು.

"ಹಾಕಿದ್ದು ದಿಟ ಅಂದ್ಮೇಲೆ ಆ ಹೆಣ್ಮಗು ಹೇಳಿದ್ದು ಸುಳ್ಳು ಹೆಂಗಾಯ್ತದೆ? ಹೋಗಿ ಒಪ್ಕೊಳಮ್ಮ."

ಒಪ್ಪಿಕೊಂಡೆ. ಅಕ್ಕ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟಳು. ಆಮೇಲೆ ಒಂದು ಬೆಳಿಗ್ಗೆ ತಾನಾಗಿ ಮಾತ್ರೆ ಕೇಳಿ, ತನ್ನ ಕೈಯಾರೆ ನುಂಗಿದಳು. ಕಿವಿಯೊಳಗಿನ ಮಾತು ಪೂರ್ತಿ ನಿಲ್ಲಲಿಲ್ಲ. "ಏನಂತವ್ರೆ?" ಎಂದು ಕೇಳುವುದನ್ನು ನಾವೆಲ್ಲ ಕಲಿತೆವು, ಅಪ್ಪ ಕೂಡ. ಓದಿದವರಿಗೂ ಹೊಳೆಯದ್ದು ನಮ್ಮ ಬೀದಿಯ ಸಾಬರಿಗೆ ಹೊಳೆಯಿತೆಂದು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಎಂಬತ್ತರ ದಶಕದಲ್ಲಿ ಸಾಬರು ತೀರಿಕೊಂಡರು. ಅವರಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆಂಟರು, ನೆರೆಯವರು ಊಟ ತರುತ್ತಾರೆ. ಎರಡನೆಯ ದಿನ ಅಕ್ಕ ಯಾರನ್ನೂ ಕೇಳದೆ ಅನ್ನ, ಹುರುಳಿಕಾಳು ಸಾರು ಮಾಡಿ ಹೊತ್ತು ನಡೆದಳು. ಹಿಂದೆ ನಾನು. ಬೀದಿಯವರು ಹುಚ್ಚಿ ಎನ್ನುತ್ತಿದ್ದ ನನ್ನಕ್ಕನ ಕೈ ಅಡುಗೆ ಸಾಬರ ಮನೆಯವರು ಉಣ್ಣುತ್ತಾರೋ ಇಲ್ಲವೋ ಎಂದು ನನಗೆ ಅಳುಕು. ಸಾಬರ ಹೆಂಡತಿ ಕಣ್ಣೊರೆಸಿಕೊಂಡು ತಟ್ಟೆಗೆ ಹಾಕಿಸಿಕೊಂಡರು. ಉಂಡು ಮುಗಿಸಿ, ತಟ್ಟೆಯನ್ನು ಮತ್ತೆ ಅಕ್ಕನ ಮುಂದೆ ಹಿಡಿದರು.

"ಇನ್ನೊಸಿ ಹಾಕಮ್ಮ."