ನೇರಳೆ ಹಣ್ಣಿನ ಸುಳ್ಳು

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಆಗಲಿ, ಆಗಬೇಕಾದದ್ದೇ.

ಹುಟ್ಟಿನಿಂದಲೇ ನನ್ನ ಹೃದಯದಲ್ಲೊಂದು ತೂತು. ಚಿಕ್ಕಂದಿನಲ್ಲಿ ಒಂದು ಆಪರೇಷನ್ ಆಗಿತ್ತು, ದೊಡ್ಡದು ಬಾಕಿಯಿತ್ತು. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ತುಟಿ, ನಾಲಿಗೆ, ಉಗುರು ನೀಲಿಗಟ್ಟುತ್ತಿದ್ದವು. ಕುಕ್ಕರುಗಾಲಿನಲ್ಲಿ ಕೂತರಷ್ಟೇ ಉಸಿರು ಹಿಂದಿರುಗುತ್ತಿತ್ತು. ನಮ್ಮೂರ ಶಾಲೆಯಲ್ಲಿ 'ಅಯ್ಯೋ ಪಾಪ' ಕೇಳಿ ಕೇಳಿ ಸಾಕಾಗಿಹೋಗಿತ್ತು. ಬೆಳಗೋಡಿನ ಹೈಸ್ಕೂಲಿಗೆ ಸೇರಿದ ದಿನ, ಮೇಷ್ಟ್ರಿಗೆ ಕೊಡೆಂದು ಅಮ್ಮ ಬರೆದುಕೊಟ್ಟ ಚೀಟಿಯನ್ನು ಹರಿದು ಬಸ್ಸಿನ ಕಿಟಕಿಯಿಂದ ಎಸೆದೆ. ವಿಷಯ ಗೊತ್ತಿದ್ದವಳು ನಮ್ಮೂರಿಂದ ಜೊತೆಗೆ ಬರುತ್ತಿದ್ದ ಗೆಳತಿ ಒಬ್ಬಳೇ. ಯಾರಿಗೂ ಹೇಳುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ.

ಶಾಲೆಯ ಹಿಂದೆ ನೇರಳೆ ಮರವಿತ್ತು. ಹಿಂದಿನ ವರ್ಷ ಯಾರೋ ಹುಡುಗ ಬಿದ್ದು ಕೈ ಮುರಿದುಕೊಂಡಿದ್ದನಂತೆ. ಅಂದಿನಿಂದ ಮರ ಹತ್ತಿದವರಿಗೆ ಮೈದಾನ ಐದು ಸುತ್ತು ಓಡುವ ಶಿಕ್ಷೆ. ಒಂದು ಬೆಳಿಗ್ಗೆ ಬಸ್ಸು ತಡವಾಯಿತು. ದಡಬಡನೆ ನಡೆದುಬಂದು ಪ್ರಾರ್ಥನೆಯ ಸಾಲಿನಲ್ಲಿ ನಿಂತೆ. ಪಿ.ಟಿ. ಮೇಷ್ಟ್ರು ನನ್ನ ಬಾಯಿ ನೋಡಿದರು.

"ಏನಮ್ಮಾ, ಬೆಳಿಗ್ಗೇನೇ ನೇರಳೆ ಹಣ್ಣು ಶುರುವಾ?"

ಹೂಂ ಎಂದುಬಿಟ್ಟೆ. ಕಾಯಿಲೆಯವಳು ಎನ್ನಿಸಿಕೊಳ್ಳುವುದಕ್ಕಿಂತ ಕಳ್ಳಿ ಎನ್ನಿಸಿಕೊಳ್ಳುವುದೇ ಹಿತವಾಗಿತ್ತು!

"ಮರ ಹತ್ತಿದ್ದು ಯಾರು?"

ನಾನೇ ಎಂದರೆ ಓಡಬೇಕು. ಓಡಿದರೆ ಎಲ್ಲರೆದುರು ಬೀಳುತ್ತೇನೆ. ಕೈ ತಾನಾಗಿ ಗೆಳತಿಯ ಕಡೆ ಹೋಯಿತು. ತಾನಾಗಿ ಏನು ಬಂತು, ನಾನೇ ತೋರಿಸಿದೆ.

ಅವಳು ಒಮ್ಮೆ ನನ್ನ ಮುಖ ನೋಡಿದಳು, ಚಪ್ಪಲಿ ಬಿಟ್ಟು ಓಡಿದಳು. ಮಳೆ ಬಂದು ಮೈದಾನ ಕೆಸರಾಗಿತ್ತು. ಮೂರನೇ ಸುತ್ತಿಗೆ ಜಾರಿ ಬಿದ್ದಳು. ಹುಡುಗರು ಗೊಳ್ಳೆಂದು ನಕ್ಕರು. ಅವರ ಜೊತೆ ನಾನೂ ಹಲ್ಲು ಕಿರಿದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ; ಮಾಡಿದ್ದು ನಾನು, ಉಂಡದ್ದು ಅವಳು. ಎದ್ದು ಉಳಿದ ಸುತ್ತುಗಳನ್ನೂ ಮುಗಿಸಿದಳು.

ಸಂಜೆ ಬಸ್ಸಿಳಿದು ಊರಿನ ಏರು ಹತ್ತುವಾಗ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. "ನೀನಾದ್ರೂ ನಿಜ ಹೇಳ್ಬುಡ್ಬೇಕಿತ್ತು," ಎಂದೆ, ತಪ್ಪು ಅವಳದೇ ಎಂಬಂತೆ. ಥೂ ನನ್ನ!

"ಆಣೆ ಮಾಡಿದ್ನಲ್ಲ ಕಣೇ," ಎಂದಳು. "ಒಂದೊಂದು ಸುತ್ತು ಬಂದಾಗ್ಲೂ ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ನಿನ್ನೇ ನೋಡ್ತಿದ್ದೆ."

ಅಷ್ಟು ಹೇಳಿ, ಎಂದಿನಂತೆ ನನ್ನ ಬ್ಯಾಗನ್ನೂ ತನ್ನ ಹೆಗಲಿಗೆ ಹಾಕಿಕೊಂಡಳು. ನಾನು ಬೇಡ ಎನ್ನಲಿಲ್ಲ. ಏರು ಇನ್ನೂ ಉದ್ದಕ್ಕಿತ್ತು, ನನ್ನ ಕೈಲಿ ಆಗುತ್ತಿರಲಿಲ್ಲ.