ಗಾಜಲ್ಲದ ಬಾಟಲಿ

ಮಗಳಿಗೆ ಏಳು ತಿಂಗಳು ತುಂಬಿದಾಗ ನಾನು ರಾಮದುರ್ಗದ ಕಾಲೇಜಿಗೆ ಕೆಮಿಸ್ಟ್ರಿ ಪಾಠ ಹೇಳಲು ಮರಳಿದೆ. ಹಗಲು ಕೂಸಿಗೆ ಹಾಲು ಕುಡಿಸುವುದು ಅತ್ತೆಯ ಪಾಲಿಗೆ ಬಂತು. ಅದಕ್ಕೆಂದೇ ಅವರು ಬೆಳ್ಳಿಯ ಒಳಲೆ ತೆಗೆದಿಟ್ಟಿದ್ದರು. ನಾನು ಅದನ್ನು ಮೇಲಿನ ಗೂಡಿಗೆ ಏರಿಸಿ, ಹುಬ್ಬಳ್ಳಿಯಿಂದ ತಂದ ಫಳಫಳ ಹೊಳೆಯುವ ಬಾಟಲಿಯನ್ನು ಅವರ ಕೈಗಿತ್ತೆ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ಗಾಜಿನ ಬಾಟಲಿ. ನನ್ನ ಬಾಯಲ್ಲೂ.

"ಜಿಡ್ಡು ಹೋಗಬೇಕಂದ್ರ ಕುದಿಯೂ ನೀರಾಗ ಒಂದ ಚಿಟಿಕಿ ವಾಷಿಂಗ್ ಸೋಡಾ ಹಾಕ್ರಿ ಅತ್ತಿ. ನಾವು ಲ್ಯಾಬಿನ್ಯಾಗ ಗಾಜಿನ ಸಾಮಾನು ಹಂಗ ತೊಳೀತೇವಿ" ಎಂದು ಜಾಣತನ ಬೇರೆ ಮೆರೆದೆ.

ಮೂರು ತಿಂಗಳಾಗಿತ್ತು. ಆ ದಿನ ಬೋರ್ಡಿನ ಮೇಲೆ ಪಾಲಿಕಾರ್ಬೊನೇಟ್ ತಯಾರಿಕೆ ಬರೆಯುತ್ತಿದ್ದೆ. ಬಿಸ್‌ಫಿನಾಲ್ ಎಂಬ ಪುಡಿಯನ್ನು ಕ್ಷಾರದ ನೀರಲ್ಲಿ ಕರಗಿಸಿ, ಫಾಸ್‌ಜೀನ್ ಎಂಬ ವಿಷಗಾಳಿ ಹಾಯಿಸಿದರೆ ಕೊಂಡಿಗೆ ಕೊಂಡಿ ಸೇರಿ ಗಾಜಿನಂಥ ಪ್ಲಾಸ್ಟಿಕ್ ಆಗುತ್ತದೆ. ಮುಂದೆ ಅದಕ್ಕೆ ಸೋಡಾ ನೀರಿನಂಥ ಬಿಸಿ ಕ್ಷಾರ ತಾಕಿದರೆ ಕೊಂಡಿ ಬಿಚ್ಚತೊಡಗಿ ಬಿಸ್‌ಫಿನಾಲ್ ಮರಳಿ ಹೊರಬೀಳುತ್ತದೆ; ಅದು ಹೊಟ್ಟೆಗೆ ಹೋಗುವುದು ಕೂಸುಗಳಿಗೆ ಒಳ್ಳೆಯದಲ್ಲ.

"ಇದರ್ಲೆ ಏನೇನ್ ಮಾಡ್ತಾರ್ರಿ ಮೇಡಂ?" ಎಂದಳು ಮೊದಲ ಬೆಂಚಿನ ಹುಡುಗಿ.

"ಕನ್ನಡಕ, ಸಿಡಿ, ಕೂಸಿನ ಹಾಲಿನ ಬಾ..."

ಮನೆಯ ಬಾಟಲಿ ನೆನಪಾಯಿತು. ಎಷ್ಟೋ ವರ್ಷ ಈ ಪಟ್ಟಿಯನ್ನು ಗಿಳಿಪಾಠದಂತೆ ಒಪ್ಪಿಸಿದ್ದೆ.

ಮನೆಗೆ ಓಡಿದೆ. ಬಾಟಲಿ ಮಬ್ಬಾಗಿತ್ತು. ತಿರುವಿ ನೋಡಿದರೆ ತಳದಲ್ಲಿ ಪಿ, ಸಿ ಎಂಬ ಎರಡು ಅಕ್ಷರ, ಪಾಲಿಕಾರ್ಬೊನೇಟ್‌ನ ಗುರುತು. ಮಗಳ ನಾಲಿಗೆ, ಕಣ್ಣು ನೋಡಿ ಹೊಟ್ಟೆ ಒತ್ತಿದೆ. ಅವಳು ಕಚಗುಳಿಯೆಂದುಕೊಂಡು ನಕ್ಕಳು. ಆ ನಗು ಕಂಡು ನನಗೆ ಅಳು ಬಂತು. ಅವಳನ್ನೆತ್ತಿಕೊಂಡು ದವಾಖಾನೆಗೆ ಹೋದೆ.

ಡಾಕ್ಟರು ತೂಕ ನೋಡಿ, "ಕೂಸು ಗಟ್ಟಿ ಅದ. ಆ ಬಾಟ್ಲಿ ಒಗದಬಿಡ್ರಿ" ಎಂದರು.

"ಮುಂದ ಏನರ ಆದ್ರ?"

"ಅದನ್ನ ಈಗ ಹೆಂಗ ಹೇಳ್ಲಿರಿ?"

ಮರಳಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಾ ಕುದಿಸಿದ್ದು ಹೆಚ್ಚಾತೇನವಾ?"

ಸೋಡಾ ಹಾಕಲು ಹೇಳಿದವಳು ನಾನು. ಅವರು ಒಂದು ದಿನವೂ ಚಿಟಿಕೆ ಮೀರಿ ಹಾಕಿದವರಲ್ಲ. ಆದರೆ ನನ್ನ ಹೆದರಿಕೆಯನ್ನು ಯಾರ ಮೇಲಾದರೂ ಹೊರಿಸಬೇಕಿತ್ತು. "ಹೌದ್ರಿ, ಹೆಚ್ಚಾತು" ಎಂದುಬಿಟ್ಟೆ.

ಅವರು ಗೂಡಿನಿಂದ ಒಳಲೆ ಇಳಿಸಿದರು.

ಮಗಳು ಬೆಳೆದಳು, ಚೆನ್ನಾಗಿಯೇ ಇದ್ದಾಳೆ. ಅತ್ತೆ ಮಾತ್ರ, ಜೀವಮಾನವಿಡೀ ಹಾಲು ಕಾಯಿಸಿದವರು, ಆ ದಿನದ ನಂತರ ಒಲೆಯ ಮುಂದೆ ನಿಂತು ಪ್ರತಿ ಸಲ ನನ್ನನ್ನು ಕೇಳುತ್ತಿದ್ದರು: "ಇಷ್ಟ ಕುದ್ರ ಸಾಕೇನವಾ?"