ಮರದ ಮೇಜು, ಕಲ್ಲಿನ ಪೀಠ: ಕನಕಪುರ ಸೀಮೆಯಲ್ಲಿ ಒಂದು ದಿನ

ಶನಿವಾರ ಬೆಳಿಗ್ಗೆ ಆರೂವರೆಗೆ ಬನಶಂಕರಿಯಲ್ಲಿ ಕನಕಪುರದ ಬಸ್ಸು ಹತ್ತಿದೆವು. ಆಧಾರ್ ತೋರಿಸಿದ ನನಗೆ ಉಚಿತ ಟಿಕೆಟ್. ಅಣ್ಣ ಕರುಣಾಕರ ಮಾತ್ರ ದುಡ್ಡು ಕೊಟ್ಟ. ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಅವನ ಚೀಲದಲ್ಲಿ ಒಂದು ಅಳತೆ ಟೇಪು, ನೋಟ್‌ಬುಕ್ಕು, ಎರಡು ಬಾಳೆಹಣ್ಣು ಇದ್ದವು.

ನಮ್ಮದು ಬೆಂಗಳೂರಿನ ಹಳೆಯ ಆಂಗ್ಲಿಕನ್ ಸಭೆ, ಇಂಗ್ಲೆಂಡಿನ ಚರ್ಚಿನ ಪದ್ಧತಿಯದು. ಹೊಸ ಪಾದ್ರಿಗಳು ಗೆದ್ದಲು ಹಿಡಿದ ಮರದ ಮೇಜನ್ನು ತೆಗೆಸಿ, ಗೋಡೆಗೆ ಒತ್ತಿದಂತೆ ಕರಿಕಲ್ಲಿನ ಬಲಿಪೀಠ ಕಟ್ಟಿಸಿದ್ದರು. ಅಂದಿನಿಂದ ನಾಲ್ಕು ತಿಂಗಳು ಅಣ್ಣ ಕರ್ತನ ಭೋಜನಕ್ಕೆ ಎದ್ದು ಹೋಗಿರಲಿಲ್ಲ. ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಇವನು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಿದ್ದ. ಕೊನೆಗೆ ಪಾದ್ರಿಗಳು, "ಒಳ್ಳೆ ಮೇಜಿನ ಮಾದರಿ ಹುಡುಕಿ ಮಾಡಿಸಿ ತನ್ನಿ, ನೋಡೋಣ," ಎಂದಿದ್ದರು.

ನನಗೆ ಆ ಕಲ್ಲು ಚೆನ್ನಾಗಿಯೇ ಕಾಣುತ್ತಿತ್ತು. ಮರಕ್ಕೂ ಕಲ್ಲಿಗೂ ಇಷ್ಟೊಂದು ಯಾಕೆ ಎಂದು ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

"ಕ್ಯಾಥೊಲಿಕರ ಹಾಗೆ ನಮಗೆ ಬಿಷಪ್ಪರೂ ಇದ್ದಾರೆ, ಪ್ರಾರ್ಥನೆ ಪುಸ್ತಕವೂ ಇದೆ. ಅದನ್ನು ನೋಡಿ ನಾವು ಪ್ರಾಟೆಸ್ಟೆಂಟರು ಅನ್ನೋದನ್ನೇ ಜನ ಮರೀತಾರೆ," ಎಂದ ಅಣ್ಣ. "ಪೋಪರಿಂದ ಬೇರೆಯಾದ ಸುಧಾರಣೆಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿನ ಪೀಠ ಒಡೆದು ಮರದ ಮೇಜು ಇಟ್ಟರು. ಕ್ರಿಸ್ತನ ಬಲಿ ಒಂದೇ ಸಲ ಆಗಿಹೋಯಿತು. ಈಗ ಉಳಿದಿರೋದು ಊಟ. ಊಟಕ್ಕೆ ಪೀಠ ಯಾಕೆ?"

ಕನಕಪುರದಲ್ಲಿ ತಟ್ಟೆ ಇಡ್ಲಿ ತಿಂದು, ದೊಡ್ಡಆಲಹಳ್ಳಿಯ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ, ಹಳೆಯ ಮೇಜೊಂದಿದೆ ಎಂದು ಅಣ್ಣ ಕೇಳಿದ್ದ ಒಂದು ಸಣ್ಣ ಊರಿಗೆ ಹೋದೆವು. ಮೋಡ ಕವಿದಿತ್ತು, ಬಿಸಿಲಿರಲಿಲ್ಲ. ಹಿಪ್ಪುನೇರಳೆ ತೋಟದ ಪಕ್ಕ ಹೆಂಚಿನ ಪ್ರಾರ್ಥನಾಲಯ. ಅದರ ಬೀಗದ ಕೈ ಶಾಂತಮ್ಮನ ಹತ್ತಿರ. ಎಪ್ಪತ್ತು ದಾಟಿದ ಹೆಂಗಸು. ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದವರು ಕೈ ತೊಳೆದು ಬಂದು ಬಾಗಿಲು ತೆಗೆದರು.

ಒಳಗೆ ಹಲಸಿನ ಮೇಜೊಂದು ಗೋಡೆಗೆ ತಾಗದೆ ನಡುವೆ ನಿಂತಿತ್ತು. ಸುತ್ತ ಜನ ನಿಲ್ಲುವಷ್ಟು ಜಾಗ. ಒಂದು ಕಾಲು ಸೀಳಿ ಹೋಗಿ, ಅಲ್ಲಿಗೆ ಇಟ್ಟಿಗೆ ಪೇರಿಸಿದ್ದರು. ಅಣ್ಣನ ಮುಖ ಅರಳಿತು. "ನೋಡು, ನಾನು ಹೇಳಿದ್ದು ಇದೇ," ಎಂದು ಟೇಪು ಬಿಚ್ಚಿದ.

ಶಾಂತಮ್ಮ ಮೇಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಣ್ಣ ಅಳೆಯುವುದನ್ನು ನಿಲ್ಲಿಸಿದ. "ಅಮ್ಮಾ, ಇದು ಬರೀ ಮೇಜು. ಕಣ್ಣಿಗೊತ್ಕೋಬಾರದು."

"ಮೇಜೇ ಕಣಪ್ಪ, ನಂಗೂ ಗೊತ್ತೈತೆ," ಎಂದರು ಅವರು ಮೆಲ್ಲಗೆ. "ನಮ್ಮಪ್ಪನ ಕಾಲ್ದಲ್ಲಿ ಹೋಟ್ಲಲ್ಲಿ ನಮ್ ಜನಕ್ಕೆ ಬ್ಯಾರೆ ಲೋಟ. ಇಲ್ಲಿ, ಈ ಮೇಜಿನ್ ತಾವ, ಪ್ಯಾಟೆಯಿಂದ ಬಂದ ಪಾದ್ರಿ ಅಯ್ನೋರು ತಾವು ಕುಡುದ ಬಟ್ಲನ್ನೇ ನಮ್ಮಪ್ಪನ ಕೈಗೆ ಕೊಟ್ರಂತೆ. ಅವತ್ತು ಮನೇಗ್ ಬಂದು ಅಪ್ಪ ಸಂಜೆಗಂಟ ಮಾತೇ ಆಡ್ನಿಲ್ಲ ಅಂತ ನಮ್ಮವ್ವ ಯೋಳೋಳು."

ಅಣ್ಣ ಟೇಪನ್ನು ಸುತ್ತಿಕೊಂಡ. ನಾವು ಬಂದ ಕಾರಣವನ್ನು ನಾನೇ ಹೇಳಿದೆ. ಶಾಂತಮ್ಮ ಅವನನ್ನೇ ನೋಡಿದರು.

"ನಾಕ್ ತಿಂಗ್ಳು ಉಣ್ದಲೆ ಕುಂತ್‌ಬುಟ್ರಾ? ಅವ್ರು ಕೊಡ್ತೀವಿ ಅಂದ್ರೂವೆ?"

"ಕಲ್ಲಿನ ಪೀಠ ಅಮ್ಮಾ..."

"ನಮ್ಗೆ ಅಯ್ನೋರು ಬರೋದೇ ತಿಂಗ್ಳಿಗೊಂದ್ ಸಲ. ಮಳೆ ಬಂದ್ರೆ ಅದೂ ಇಲ್ಲ."

ಅದರಲ್ಲಿ ಬೈಗುಳ ಇರಲಿಲ್ಲ. ಅಚ್ಚರಿ ಮಾತ್ರ ಇತ್ತು. ಅಣ್ಣ ಸೀಳಿದ ಕಾಲಿನ ಇಟ್ಟಿಗೆಗಳನ್ನು ನೋಡಿದ. ಆಮೇಲೆ ಮೊಣಕಾಲೂರಿ, ಇಡೀ ಮೇಜನ್ನು ಬಿಟ್ಟು ಒಂದು ಕಾಲಿನ ಎತ್ತರ, ಸುತ್ತಳತೆ ಮಾತ್ರ ಬರೆದುಕೊಂಡ. ಶಾಂತಮ್ಮ ಕೊಟ್ಟ ರಾಗಿಮುದ್ದೆ, ಅವರೆಕಾಳಿನ ಸಾರು ಉಂಡು ಹೊರಟೆವು.

ಕನಕಪುರದಿಂದ ರಾಮನಗರ, ಅಲ್ಲಿ ಬಸ್ಸು ಬದಲಿಸಿ ಚನ್ನಪಟ್ಟಣ. ಗೊಂಬೆ ಕಡೆಯುವ ನಿಸಾರ್ ಸಾಬರು ಅಳತೆಯ ಚೀಟಿ ನೋಡಿ ಕೇಳಿದರು: "ಒಂದೇ ಕಾಲಾ? ಫೋನಲ್ಲಿ ಪೂರಾ ಮೇಜು ಅಂದಿದ್ರಲ್ಲ ಸಾರ್?"

"ಒಂದೇ ಸಾಕು. ಹಳ್ಳಿಯ ಮೇಜಿಗೆ," ಎಂದ ಅಣ್ಣ.

"ಗೊಂಬೆ ಮಾಡೋ ಹಾಲೆ ಮರ ಇದಕ್ಕೆ ಆಗಲ್ಲ. ಹಲಸೇ ಹಾಕ್ತೀನಿ. ಹದಿನೈದು ದಿನ ಕೊಡಿ. ಮೇಲೆ ಏನಿಡ್ತಾರೆ, ಭಾರಾನಾ?"

"ರೊಟ್ಟಿ, ಒಂದು ಬಟ್ಟಲು."

"ಊಟದ್ದಾ? ಹಂಗಾದ್ರೆ ಅಲುಗಾಡಬಾರದು," ಎಂದು ಸಾಬರು ಅಳತೆಯನ್ನು ಇನ್ನೊಮ್ಮೆ ಓದಿ ಖಾತ್ರಿ ಮಾಡಿಕೊಂಡರು.

ಸಂಜೆಯ ರೈಲಿನಲ್ಲಿ ನಿಲ್ಲಲು ಮಾತ್ರ ಜಾಗ ಸಿಕ್ಕಿತು. ರಾಮನಗರದ ಬಂಡೆಗಳು ಹಿಂದೆ ಸರಿಯುತ್ತಿದ್ದವು. ಬಿಡದಿ ಬಂತು. ಅಣ್ಣ ಕಿಟಕಿಯ ಕಡೆ ನೋಡುತ್ತಲೇ ಹೇಳಿದ:

"ನಾಳೆ ಎದ್ದು ಮುಂದೆ ಹೋಗ್ತೀನಿ. ಆದರೆ ಆ ಕಲ್ಲನ್ನ ಮೇಜು ಅಂತಲೇ ಕರೀತೀನಿ."

ಮರುದಿನ ಅವನು ಹೋದ. ಹಿಂದಿರುಗಿ ಬಂದು ನನ್ನ ಪಕ್ಕ ಕೂತವನು, ಸಂಜೆಯವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ.